ವೇಪಿಂಗ್ ಮತ್ತು ಹದಿಹರೆಯದ ಖಿನ್ನತೆ: ಯಾವುದು ಮೊದಲು?

ಗೌರವಾನ್ವಿತ ಪೋಷಕರೇ,

ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಿಗೆ ಮಕ್ಕಳನ್ನು ಕಳಿಸುತ್ತಿರುವ ಕನ್ನಡದ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಮಗು ಮಂಕಾದದ್ದು ವೇಪ್ (ಇ-ಸಿಗರೇಟು) ಸೇದಿದ್ದರಿಂದಲೋ, ಮಂಕಾಗಿದ್ದರಿಂದಲೇ ವೇಪ್ ಹಿಡಿಯಿತೋ? ಎರಡರಲ್ಲಿ ಒಂದನ್ನು ಆರಿಸಿ ಉತ್ತರ ಹೇಳಿದರೆ ತಪ್ಪಾಗುತ್ತದೆ.

ಲಾಸ್ ಏಂಜಲೀಸ್ ಪ್ರದೇಶದ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ವರ್ಷ ಕಾಲ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಖಿನ್ನತೆಯ ಲಕ್ಷಣಗಳು ಮೊದಲೇ ಹೆಚ್ಚಾಗಿದ್ದವರು ಇ-ಸಿಗರೇಟು ಹಿಡಿಯುವ ಸಾಧ್ಯತೆ ಹೆಚ್ಚಿತ್ತು. ಬಿಡದೆ ಸೇದುತ್ತ ಬಂದವರಲ್ಲಿ ಆ ಲಕ್ಷಣಗಳು ಸೇದದವರಿಗಿಂತ ವೇಗವಾಗಿ ಏರಿದವು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆದರೆ ನಿಕೋಟಿನ್ ದೇಹದಲ್ಲಿ ನಡೆದುಕೊಳ್ಳುವ ರೀತಿಯನ್ನೂ ಜೊತೆಗಿಟ್ಟು ನೋಡಿದಾಗ ಈ ಸುತ್ತು ಹೇಗೆ ತಿರುಗುತ್ತದೆಂಬುದು ತಿಳಿಯುತ್ತದೆ.

ಹುಡುಗನೊಬ್ಬ ಬೆಳಗ್ಗೆ ಏಳುತ್ತಲೇ ದಿಂಬಿನಡಿಯಿಂದ ಪೆನ್‌ಡ್ರೈವ್‌ನಂಥ ಸಾಧನ ತೆಗೆದು ನಾಲ್ಕು ದಮ್ಮು ಎಳೆಯುತ್ತಾನೆ ಎನ್ನಿ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಎರಡನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಕಾಲು ಅದುರುತ್ತದೆ, ಓದಿದ ಸಾಲನ್ನೇ ಮತ್ತೆ ಓದುವಂತಾಗುತ್ತದೆ, ಗೆಳೆಯನ ಮೇಲೆ ಸಿಡುಕುತ್ತಾನೆ, ಯಾವುದೂ ಬೇಡವೆನಿಸುತ್ತದೆ. ಶೌಚಾಲಯಕ್ಕೆ ಹೋಗಿ ಒಂದೆರಡು ದಮ್ಮು ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ಹಾಯೆನಿಸುತ್ತದೆ. ವೇಪ್ ತನ್ನ ಬೇಸರವನ್ನು ಕಳೆಯಿತೆಂದು ಅವನು ಪ್ರಾಮಾಣಿಕವಾಗಿ ನಂಬುತ್ತಾನೆ. ಆ ಬೇಸರದಲ್ಲಿ ಒಂದು ಪಾಲು ಹಿಂದಿನ ದಮ್ಮಿನ ನಿಕೋಟಿನ್ ಇಳಿದದ್ದರಿಂದಲೇ ಹುಟ್ಟಿದ್ದೆಂದು ಅವನಿಗೆ ಯಾರೂ ಹೇಳಿಲ್ಲ.

2015ರಲ್ಲಿ ಬಂದ ಜೂಲ್ ಎಂಬ ಬ್ರ್ಯಾಂಡಿನ ಇ-ಸಿಗರೇಟು ಈ ಸುತ್ತನ್ನು ಇನ್ನಷ್ಟು ಬಿಗಿಗೊಳಿಸಿತು. ಅದರಲ್ಲಿದ್ದ ನಿಕೋಟಿನ್ ಲವಣ ಗಂಟಲನ್ನು ಸುಡದ ಕಾರಣ ಹೊಸಬರೂ ಕೆಮ್ಮದೆ ಹೆಚ್ಚಿನ ಪ್ರಮಾಣವನ್ನು ಒಳಗೆಳೆದುಕೊಳ್ಳಬಹುದಿತ್ತು, ಶೇ. 5ರಷ್ಟು ನಿಕೋಟಿನ್ ಇರುವ ಒಂದು ಪಾಡ್ (ಸಾಧನಕ್ಕೆ ಸಿಕ್ಕಿಸುವ, ದ್ರವ ತುಂಬಿದ ಪುಟ್ಟ ಡಬ್ಬಿ) ಒಂದು ಪ್ಯಾಕ್ ಸಿಗರೇಟಿಗೆ ಸಮವೆಂದು ಕಂಪನಿಯೇ ಹೇಳಿತ್ತು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳ ಪೈಕಿ ಶೇ. 27.5ರಷ್ಟು ಮಂದಿ ಹಿಂದಿನ 30 ದಿನಗಳಲ್ಲಿ ವೇಪ್ ಸೇದಿದ್ದರು. 2024ರಲ್ಲಿ ಇದು ಶೇ. 7.8ಕ್ಕೆ ಇಳಿದದ್ದು ಸಂತೋಷದ ಸಂಗತಿ. ಆದರೂ ಆ ವರ್ಷ ಸೇದುತ್ತಿದ್ದ ಮಕ್ಕಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ದಿನವೂ ಸೇದುತ್ತಿದ್ದರು. ನನ್ನ ಚಿಂತೆಯೆಲ್ಲ ಅವರದೇ.

ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು, 2019ರಲ್ಲಿ ಇಡೀ ಭಾರತವೇ ನಿಷೇಧಿಸಿತು. ಹೀಗಾಗಿ ಊರಿನಿಂದ ಬಂದ ನಮ್ಮಲ್ಲಿ ಹಲವರಿಗೆ ಆ ಸಾಧನ ಮೇಜಿನ ಮೇಲಿದ್ದರೂ ಗುರುತು ಸಿಗುವುದಿಲ್ಲ.

ಸಿಕ್ಕಿದ ಕೂಡಲೇ ಕಿತ್ತೆಸೆದು ಬೈಯುವ ಬದಲು, ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲ ದಮ್ಮು ಎಳೆಯುತ್ತೀಯೆಂದು ಸಮಾಧಾನದಿಂದ ಕೇಳಿ. ಐದೇ ನಿಮಿಷದೊಳಗೆ ಎಂದರೆ ಅವಲಂಬನೆ ಗಾಢವಾಗಿದೆ, ಮಕ್ಕಳ ವೈದ್ಯರ ನೆರವು ಬೇಕು. ಬಿಟ್ಟ ಮೊದಲ ದಿನಗಳಲ್ಲಿ ಬೇಸರ, ಸಿಡುಕು, ನಿದ್ರೆಗೇಡು ಏರಿ, ಕೆಲವು ವಾರಗಳಲ್ಲಿ ತಗ್ಗುತ್ತವೆಂದು ಮಗುವಿಗೆ ಮುಂಚೆಯೇ ತಿಳಿಸಿರಬೇಕು. ಇಲ್ಲದಿದ್ದರೆ ವೇಪ್ ಇಲ್ಲದೆ ಬದುಕಲಾರೆನೆಂದೇ ಅದು ತಿಳಿದುಕೊಳ್ಳುತ್ತದೆ. ವಾರಗಳು ಕಳೆದರೂ ಮಂಕುತನ ಹೋಗದಿದ್ದರೆ ಅದು ವೇಪ್‌ಗಿಂತ ಮೊದಲೇ ಇದ್ದ ಖಿನ್ನತೆಯಾಗಿರಬಹುದು, ಅದಕ್ಕೆ ಪ್ರತ್ಯೇಕ ಚಿಕಿತ್ಸೆಯೇ ಆಗಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯದೆ, ಹಗಲಿರುಳೆನ್ನದೆ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆಮಾಡಿ.