ಲಂಡನ್ ಇಂಟರ್ನ್‌ಶಿಪ್‌ಗೆ ನಾಲ್ಕು ಲಕ್ಷ ಕೊಡೋ ಮುಂಚೆ ಇದನ್ನ ನೋಡಿ

(ದೃಶ್ಯ: ಮಡಿಕೇರಿಯ ಹಾಸ್ಟೆಲ್ ರೂಮು. ಕಿಟಕಿಯಾಚೆ ಮಳೆ. ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಏಪ್ರನ್, ಅಂದ್ರೆ ಡಾಕ್ಟರ ಬಿಳಿ ಕೋಟು.)

ನಮಸ್ಕಾರ. ಮಳೆ ಸದ್ದು ಜಾಸ್ತಿ ಕೇಳಿಸಿದ್ರೆ ಹೊಂದ್ಕೊಳ್ಳಿ. ಮಡಿಕೇರಿಲಿ ಜುಲೈ ತಿಂಗಳಲ್ಲಿ ಮಳೆ ನಿಲ್ಲಲಿ ಅಂತ ಕಾದ್ರೆ ಈ ವಿಡಿಯೋ ದಸರಾಕ್ಕೆ ಬರುತ್ತೆ.

ಮೊನ್ನೆ ಶನಿವಾರಸಂತೆಯಿಂದ ನಮ್ಮ ಮಾವ ಫೋನ್ ಮಾಡಿದ್ರು. ಅವರ ಮಗಳು ಎಂಬಿಬಿಎಸ್ ಮೂರನೇ ವರ್ಷ. "ಏನಮ್ಮ ಡಾಕ್ಟ್ರಮ್ಮ, ಇವಳನ್ನ ಲಂಡನ್‌ಗೆ ಇಂಟರ್ನ್‌ಶಿಪ್‌ಗೆ ಕಳಿಸ್ತೀವಿ. ಏಜೆಂಟು ನಾಲ್ಕು ಲಕ್ಷ ಕೇಳ್ತಿದ್ದಾನೆ. ಅಲ್ಲಿ ಮುಗಿಸ್ಕೊಂಡು ಬಂದ್ರೆ ಇಲ್ಲಿ ಒಂದು ವರ್ಷ ಮಾಡೋದು ಉಳಿಯುತ್ತಲ್ಲ?" ಅಂದ್ರು.

ಉಳಿಯಲ್ಲ ಮಾವ. ಒಂದು ದಿನಾನೂ ಉಳಿಯಲ್ಲ.

ಎಡವಟ್ಟೆಲ್ಲ ಈ "ಇಂಟರ್ನ್‌ಶಿಪ್" ಅನ್ನೋ ಪದದಲ್ಲೇ ಇದೆ. ನಮ್ಮಲ್ಲಿ ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ ಓದು, ಆಮೇಲೆ 12 ತಿಂಗಳು ಕಡ್ಡಾಯ ಇಂಟರ್ನ್‌ಶಿಪ್. ಹಳಬರ ಬಾಯಲ್ಲಿ ಹೌಸ್ ಸರ್ಜನ್ಸಿ. ಮೆಡಿಸಿನ್, ಸರ್ಜರಿ, ಒಬಿಜಿ (ಹೆರಿಗೆ, ಸ್ತ್ರೀರೋಗ), ಹಳ್ಳಿ ಪೋಸ್ಟಿಂಗ್, ಎಲ್ಲ ಅದರೊಳಗೇ ಬರುತ್ತೆ. ನ್ಯಾಷನಲ್ ಮೆಡಿಕಲ್ ಕಮಿಷನ್‌ನ 2021ರ ನಿಯಮ ಇದಕ್ಕೆ ಅನ್ವಯ. ಇಲ್ಲಿ ಓದಿದವರು ಆ 12 ತಿಂಗಳನ್ನ ಹೊರದೇಶದಲ್ಲಿ ಮಾಡಿ ಲೆಕ್ಕ ಸರಿದೂಗಿಸೋ ಹಾಗಿಲ್ಲ. ಅದರಲ್ಲಿ ಸಿಗೋ ರಜೆನೂ ಹದಿನೈದೇ ದಿನ. ಹಾಗಾಗಿ ಹೌಸ್ ಸರ್ಜನ್ಸಿ ನಡುವೆ ಒಂದು ತಿಂಗಳು ಫಾರಿನ್‌ಗೆ ಹಾರ್ತೀನಿ ಅನ್ನೋದು ಕನಸು.

ಏಜೆಂಟ್‌ಗಳು "ಇಂಟರ್ನ್‌ಶಿಪ್" ಅಂತ ಮಾರೋದು ಬೇರೆ ಸರಕು. ಅದರ ನಿಜವಾದ ಹೆಸರು ಎಲೆಕ್ಟಿವ್, ಇಲ್ಲಾಂದ್ರೆ ಅಬ್ಸರ್ವರ್‌ಶಿಪ್. ವಿದ್ಯಾರ್ಥಿಯಾಗಿ ಇದ್ದಾಗಲೇ ಬೇರೆ ದೇಶದ ಆಸ್ಪತ್ರೆಲಿ ನಾಲ್ಕರಿಂದ ಎಂಟು ವಾರ ನಿಂತು ಕಲಿಯೋದು ಎಲೆಕ್ಟಿವ್. ಡಿಗ್ರಿ ಮುಗಿದ ಮೇಲೆ ಹೋಗಿ ಬರೀ ನೋಡೋದು ಅಬ್ಸರ್ವರ್‌ಶಿಪ್. ಅಮೆರಿಕದಲ್ಲಿ ಈ ಗೆರೆ ಗಟ್ಟಿ. ಓದ್ತಾ ಇರೋ ವಿದ್ಯಾರ್ಥಿ ಅಲ್ಲಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸಂಬಳ ಇಲ್ಲದ ಎಲೆಕ್ಟಿವ್‌ಗೆ ಹೋದ್ರೆ ಬಿ-1 ವೀಸಾ ಸಿಗುತ್ತೆ. ಡಿಗ್ರಿ ಕೈಗೆ ಬಂತು ಅಂದ್ರೆ ಲೈಸೆನ್ಸ್ ಇಲ್ಲದೆ ರೋಗಿ ಮೈ ಮುಟ್ಟೋ ಹಾಗಿಲ್ಲ. ಅದಕ್ಕೇ ಅಮೆರಿಕ ಕಡೆ ಕಣ್ಣಿರೋರು ಓದು ಮುಗಿಯೋ ಮುಂಚೇನೇ ಯೋಚ್ನೆ ಮಾಡ್ಬೇಕು.

ವಿರಾಜಪೇಟೆಲಿ ಬಿಡಿಎಸ್ ಓದ್ತಿರೋ ಫ್ರೆಂಡ್ಸ್‌ಗೂ ಹೆಚ್ಚುಕಮ್ಮಿ ಇದೇ ಕತೆ. ಓದು ಆದ್ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಇಲ್ಲೇ. ರಷ್ಯಾ, ಜಾರ್ಜಿಯಾ ಅಂತ ಹೋಗಿ ಅಲ್ಲೇ ಎಂಬಿಬಿಎಸ್ ಮಾಡೋರ ನಿಯಮ ಬೇರೆ. ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ವಾಪಸ್ ಬಂದು ಪರೀಕ್ಷೆ ಪಾಸು, ಆಮೇಲೆ ಇಲ್ಲಿ ಮತ್ತೆ 12 ತಿಂಗಳು. ಅದಕ್ಕೆ ಬೇರೆ ವಿಡಿಯೋನೇ ಬೇಕು.

(ದೃಶ್ಯ: ಲ್ಯಾಪ್‌ಟಾಪ್ ಪರದೆ, ಈಮೇಲ್ ಪಟ್ಟಿ.)

ನಾನು ಹೋಗಿದ್ದು ದಕ್ಷಿಣ ಲಂಡನ್‌ನ ಒಂದು ಆಸ್ಪತ್ರೆಗೆ, ನಾಲ್ಕು ವಾರ. ಏಜೆಂಟ್ ಇಲ್ಲ. 23 ಈಮೇಲ್ ಹಾಕಿದ್ದೆ, ಮೂರಕ್ಕೆ ಉತ್ತರ ಬಂತು, ಅದರಲ್ಲಿ ಎರಡು "ಕ್ಷಮಿಸಿ". ಮೊದಲ ಹದಿನೈದು ಈಮೇಲ್‌ನಲ್ಲಿ "ನಿಮ್ಮ ವಿಶ್ವಪ್ರಸಿದ್ಧ ಸಂಸ್ಥೆಯಲ್ಲಿ ಕಲಿಯಲು ಉತ್ಸುಕಳಾಗಿದ್ದೇನೆ" ಅಂತ ಬರ್ದಿದ್ದೆ. ಅಂಥದ್ದು ಅವರಿಗೆ ದಿನಕ್ಕೆ ಐವತ್ತು ಬರುತ್ತೆ.

ಆಮೇಲೆ ನಮ್ಮ ಮೆಡಿಸಿನ್ ಮೇಡಂ ಒಂದು ಮಾತು ಕೇಳಿದ್ರು. "ಅಲ್ಲಿ ಏನು ನೋಡ್ಬೇಕು ನಿಂಗೆ? ಇಲ್ಲಿ ಯಾವ ಪೇಷಂಟ್‌ಗೋಸ್ಕರ ನೋಡ್ಬೇಕು?"

ನನ್ನ ಹತ್ರ ಉತ್ತರ ಇತ್ತು, ಅದು ಉತ್ತರ ಅಂತ ಗೊತ್ತಿರ್ಲಿಲ್ಲ ಅಷ್ಟೆ. ನಮ್ಮ ವಾರ್ಡಿಗೆ ಹಾಡಿಗಳಿಂದ, ಅಂದ್ರೆ ಬುಡಕಟ್ಟು ಜನರ ಕೇರಿಗಳಿಂದ, ಸಿಕಲ್ ಸೆಲ್ ಮಕ್ಕಳು ಬರ್ತಾರೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಾಕಿಕೊಳ್ಳುತ್ತೆ. ಆಗ ಬರೋ ಮೂಳೆ ನೋವು ಇದ್ಯಲ್ಲ, ಅದನ್ನ ನೋಡಿದವರಿಗೇ ಗೊತ್ತು. 2023ರ ಜುಲೈ 1ಕ್ಕೆ ಕೇಂದ್ರ ಸರ್ಕಾರ ಸಿಕಲ್ ಸೆಲ್ ಮಿಷನ್ ಶುರು ಮಾಡ್ತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ದಕ್ಷಿಣ ಲಂಡನ್‌ನಲ್ಲಿ ಆಫ್ರಿಕಾ, ಕೆರಿಬಿಯನ್ ಮೂಲದ ಕುಟುಂಬಗಳು ತುಂಬಾ ಇವೆ, ಹಾಗಾಗಿ ಸಿಕಲ್ ಸೆಲ್‌ಗೇ ದೊಡ್ಡ ಕ್ಲಿನಿಕ್‌ಗಳಿವೆ. ಹದಿನಾರನೇ ಈಮೇಲ್‌ನಲ್ಲಿ ಇಷ್ಟನ್ನೇ ಎಂಟು ಸಾಲಲ್ಲಿ ಬರೆದೆ. "ಬಾ" ಅನ್ನೋ ಉತ್ತರ ಬಂದಿದ್ದು ಅದಕ್ಕೇ.

ಈಮೇಲ್ ಬರೆಯೋಕೆ ಬೇಜಾರಾದ್ರೆ ಇನ್ನೊಂದು ದಾರಿ ಇದೆ. ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಎಸ್‌ಎ, 1951ರಿಂದ ವಿದ್ಯಾರ್ಥಿ ವಿನಿಮಯ ನಡೆಸ್ತಿದೆ. ನಾಲ್ಕು ವಾರ ಆಸ್ಪತ್ರೆ ಪೋಸ್ಟಿಂಗ್, ಉಳಿಯೋಕೆ ಜಾಗ, ದಿನಕ್ಕೆ ಒಂದು ಊಟ ಆದ್ರೂ ಅವರೇ ನೋಡ್ಕೋತಾರೆ. ನಮ್ಮ ದೇಶದಲ್ಲಿ ಮೆಡಿಕಲ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಮೂಲಕ ಅರ್ಜಿ. ಅಮೆರಿಕದ ಬಹಳಷ್ಟು ಕಾಲೇಜುಗಳು ವಿಎಸ್‌ಎಲ್‌ಒ ಅನ್ನೋ ಪೋರ್ಟಲ್ ಮೂಲಕ ಅರ್ಜಿ ತಗೊಳ್ತವೆ. ನಿಮ್ಮ ಕಾಲೇಜು ಆ ಪಟ್ಟಿಲಿ ಇದ್ಯಾ ಅಂತ ಮೊದ್ಲೇ ನೋಡ್ಕೊಳ್ಳಿ.

ಕಾಲೇಜಿನ ಒಪ್ಪಿಗೆ ವಿಷಯಕ್ಕೆ ಬರ್ತೀನಿ. ಈಗಿನ ಪಠ್ಯಕ್ರಮದಲ್ಲಿ ಎಲೆಕ್ಟಿವ್‌ಗೆ ಅಂತಲೇ ಸ್ವಲ್ಪ ಕಾಲ ಇಟ್ಟಿದ್ದಾರೆ. ಹೊರದೇಶದ್ದನ್ನ ಅದರಲ್ಲಿ ಸೇರಿಸ್ಕೋತಾರಾ, ಲಾಗ್‌ಬುಕ್‌ಗೆ ಸಹಿ ಯಾರು ಹಾಕ್ಬೇಕು ಅಂತ ಡೀನ್ ಆಫೀಸಲ್ಲಿ ಬರಹದಲ್ಲಿ ತಗೊಳ್ಳಿ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಅಟೆಂಡೆನ್ಸ್ ಇಲ್ಲಾಂದ್ರೆ ಹಾಲ್ ಟಿಕೆಟ್‌ಗೇ ಕಲ್ಲು ಬೀಳುತ್ತೆ.

(ದೃಶ್ಯ: ಎಡಗೈ ಮುಂಗೈ ಹತ್ತಿರದಿಂದ. ಸ್ಕೇಲ್ ಇಟ್ಟು ಅಳತೆ.)

ನನ್ನ ಜೀವ ಹಿಂಡಿದ್ದು ವೀಸಾ ಅಲ್ಲ, ಇದು. ಹೋಗೋ ಮುಂಚೆ ಟಿಬಿ ಇಲ್ಲ ಅಂತ ತೋರಿಸ್ಬೇಕು ಅಂದ್ರು. ಸರಿ, ಮಾಂಟೂ ಟೆಸ್ಟ್ ಮಾಡಿಸ್ದೆ. ಚರ್ಮದೊಳಗೆ ಒಂದು ಚುಚ್ಚು, 48ರಿಂದ 72 ಗಂಟೆ ಬಿಟ್ಟು ಗಂಟು ಎಷ್ಟಗಲ ಎದ್ದಿದೆ ಅಂತ ಅಳೀತಾರೆ. ನಂದು 14 ಮಿಲಿಮೀಟರ್, ಅಂದ್ರೆ ಪಾಸಿಟಿವ್! ಅಮ್ಮ ಫೋನಲ್ಲೇ ಅಳೋಕೆ ಶುರು ಮಾಡಿದ್ರು. ಆಮೇಲೆ ಶಾಂತವಾಗಿ ಯೋಚ್ನೆ ಮಾಡಿದ್ರೆ, ನಮಗೆಲ್ಲ ಹುಟ್ಟಿದಾಗಲೇ ಟಿಬಿ ಲಸಿಕೆ ಬಿಸಿಜಿ ಹಾಕಿರ್ತಾರಲ್ಲ, ಅದರಿಂದಲೂ ಮಾಂಟೂ ಉಬ್ಬಬಹುದು. ಐಜಿಆರ್‌ಎ ಅಂತ ರಕ್ತದ ಟೆಸ್ಟ್ ಇದೆ, ಅದಕ್ಕೆ ಬಿಸಿಜಿ ಅಡ್ಡ ಬರಲ್ಲ. ಅದು ನೆಗೆಟಿವ್ ಬಂತು, ಎದೆ ಎಕ್ಸ್‌ರೇನೂ ಸರಿ ಇತ್ತು. ನೀವು ಮೊದ್ಲೇ ಐಜಿಆರ್‌ಎ ನಡೆಯುತ್ತಾ ಅಂತ ಕೇಳಿ, ಅಮ್ಮಂದಿರ ಕಣ್ಣೀರು ಉಳಿಸಿ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, 0, 1, 6 ತಿಂಗಳಿಗೆ. ಆಮೇಲೆ ರಕ್ತದಲ್ಲಿ ಆ್ಯಂಟಿಬಾಡಿ 10ರ ಮೇಲೆ ಇದೆ ಅಂತ ರಿಪೋರ್ಟ್ ಬೇಕು. ಅಂದ್ರೆ ಲಸಿಕೆ ಬಾಕಿ ಇದ್ರೆ ಅರ್ಧ ವರ್ಷ ಅದಕ್ಕೇ ಹೋಗುತ್ತೆ. ದಡಾರ, ಸೀತಾಳೆ ಸಿಡುಬಿನ ದಾಖಲೆನೂ ಕೇಳ್ತಾರೆ. ತಾಯಿ ಕಾರ್ಡು ಅಟ್ಟದ ಮೇಲಿನ ಟ್ರಂಕಲ್ಲಿದ್ರೆ ಇವತ್ತೇ ಹುಡುಕಿ. ನಮ್ಮನೆದು ಅರ್ಧ ಗೆದ್ದಲು ತಿಂದಿತ್ತು.

ವೀಸಾಗೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡ್ಬೇಕು, ಅದು ಒಂದು ದಿನದ ಕೆಲಸ. ಕಾಫಿ ಬೆಳೆಯೋರ ಮಕ್ಕಳಿಗೆ ಮಾತ್ರ ಒಂದು ವಿಶೇಷ ತಾಪತ್ರಯ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್. ಸಂಬಳದವರ ಖಾತೆಲಿ ತಿಂಗಳು ತಿಂಗಳು ದುಡ್ಡು ಬೀಳುತ್ತೆ. ನಮ್ಮಪ್ಪನ ಖಾತೆಲಿ ಎಂಟೊಂಬತ್ತು ತಿಂಗಳು ಬರೀ ಗೊಬ್ಬರ, ಡೀಸೆಲ್, ಆಳಿನ ಸಂಬಳ ಅಂತ ಹೋಗ್ತಾನೇ ಇರುತ್ತೆ. ಫೆಬ್ರವರಿಲಿ ಕಾಫಿ ಮಾರಿದ ದುಡ್ಡು ಒಂದೇ ಸಲ ದೊಪ್ಪಂತ ಬೀಳುತ್ತೆ. ವೀಸಾ ಆಫೀಸರ್ ಕಣ್ಣಿಗೆ ಅದು ಯಾರೋ ನಿನ್ನೆ ರಾತ್ರಿ ತಂದು ಹಾಕಿದ ಸಾಲ. ಅದಕ್ಕೆ ಕಾಫಿ ಮಾರಿದ ಬಿಲ್ಲು, ತೋಟದ ಆರ್‌ಟಿಸಿ, ಹಿಂದಿನ ಎರಡು ವರ್ಷವೂ ಹೀಗೇ ಬಂದಿದೆ ಅನ್ನೋ ಸ್ಟೇಟ್‌ಮೆಂಟ್, ಜೊತೆಗೆ ಅಪ್ಪನ ಒಂದು ಪತ್ರ, ನಾಲ್ಕನ್ನೂ ಸೇರಿಸಿದೆ. ಆರ್‌ಟಿಸಿ ಕನ್ನಡದಲ್ಲಿರುತ್ತಲ್ಲ, ಅನುವಾದ ಮಾಡಿಸಿ ಲಗತ್ತಿಸ್ಬೇಕು.

(ದೃಶ್ಯ: ಹಗ್ಗದ ಮೇಲಿನ ಏಪ್ರನ್ ಮೇಲೆ ಕ್ಯಾಮೆರಾ ನಿಲ್ಲುತ್ತದೆ.)

ಈ ಏಪ್ರನ್ ಅಲ್ಲಿಗೂ ತಗೊಂಡು ಹೋಗಿದ್ದೆ, ಇಸ್ತ್ರಿ ಮಾಡಿಸಿ. ಮೊದಲ ದಿನ ಸಿಸ್ಟರ್ ನೋಡಿ ನಕ್ರು. ಇಂಗ್ಲೆಂಡ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ 2008ರಿಂದ ಮೊಣಕೈ ಕೆಳಗೆ ಏನೂ ಇರಬಾರದು ಅನ್ನೋ ನಿಯಮ. ಉದ್ದ ತೋಳಿಲ್ಲ, ವಾಚಿಲ್ಲ, ಬಳೆ ಇಲ್ಲ, ಬಿಳಿ ಕೋಟೂ ಇಲ್ಲ. ಸೋಂಕು ಹರಡಬಾರದು ಅಂತ. ನನ್ನ ಕೈಲಿ ಓಂಕಾರೇಶ್ವರ ದೇವಸ್ಥಾನದಲ್ಲಿ ಅಜ್ಜಿ ಕಟ್ಟಿಸಿದ್ದ ದಾರ. ಅವರು ಬಿಚ್ಚು ಅನ್ಲಿಲ್ಲ, "ಇದನ್ನ ಎಲ್ಲಿ ಇಟ್ಕೊಂಡ್ರೆ ನಿನಗೆ ಸಮಾಧಾನ?" ಅಂತ ಕೇಳಿದ್ರು. ಐಡಿ ಕಾರ್ಡ್ ಕವರ್ ಒಳಗೆ ಮಡಚಿ ಇಟ್ಕೊಂಡೆ.

ಏಜೆಂಟ್‌ಗಳು ಹೇಳದ ವಿಷಯ ಈಗ. ಬ್ರಿಟನ್‌ಗೆ ಎಲೆಕ್ಟಿವ್‌ಗೆ ಹೋಗೋದು ವಿಸಿಟರ್ ವೀಸಾದಲ್ಲಿ. ಅದರ ಷರತ್ತು ಎರಡು: ಸಂಬಳ ಇರಬಾರದು, ರೋಗಿಗೆ ಚಿಕಿತ್ಸೆ ಕೊಡಬಾರದು. ನನ್ನ ಕ್ಲಾಸ್‌ಮೇಟ್ ಒಬ್ಬಳು ಬೇರೆ ದೇಶಕ್ಕೆ ಏಜೆನ್ಸಿ ಮೂಲಕ ಹೋಗಿದ್ಲು. "ಹ್ಯಾಂಡ್ಸ್ ಆನ್, ಹೊಲಿಗೆನೂ ಹಾಕಿಸ್ತೀವಿ" ಅಂತ ಆಸೆ ತೋರಿಸಿದ್ರು. ಮೂರು ವಾರ ಕಾರಿಡಾರಲ್ಲಿ ನಿಂತು, ಬಂಗಾರದ ಬಣ್ಣದ ಸರ್ಟಿಫಿಕೇಟ್ ತಗೊಂಡು ಬಂದ್ಲು. ಹೊಲಿಗೆ ಹಾಕಿಸದೇ ಇದ್ದಿದ್ದು ಒಳ್ಳೇದೇ ಆಯ್ತು ಬಿಡಿ. ಇಲ್ಲಿ ಸೀನಿಯರ್ ಪಕ್ಕದಲ್ಲಿಲ್ಲದೆ ಮಾಡಬಾರದ್ದನ್ನ ಭಾಷೆ ಬಾರದ ಊರಿನ ಬಡವರ ಮೈಮೇಲೆ ಮಾಡೋದು ಯಾವ ಕಲಿಕೆ? ಹೊಲಿಗೆ ಹಾಕೋಕೆ ಮಡಿಕೇರಿ ಕ್ಯಾಶುಯಲ್ಟಿ ಸಾಕು. ಮೆಣಸು ಕೊಯ್ವಾಗ ಏಣಿಯಿಂದ ಬಿದ್ದೋರು, ಮರಗಸಿ ಮಾಡ್ವಾಗ, ಅಂದ್ರೆ ತೋಟದ ನೆರಳಿನ ಮರದ ಕೊಂಬೆ ಕಡಿವಾಗ, ಕತ್ತಿ ತಾಗಿಸ್ಕೊಂಡೋರು ಯಾವಾಗ್ಲೂ ಇರ್ತಾರೆ.

ಹಾಗಾದ್ರೆ ಬರೀ ನಿಂತು ನೋಡೋಕೆ ಅಷ್ಟು ದೂರ ಯಾಕೆ?

ನಾನು ನೋಡಿದ್ದನ್ನೇ ಹೇಳ್ತೀನಿ. ಪ್ರತಿ ಪೇಷಂಟ್ ಹತ್ರ ಹೋಗೋ ಮುಂಚೆ ಡಾಕ್ಟರ್ ಕೇಳ್ತಾರೆ, "ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಇರಬಹುದಾ?" ಅಂತ. ಎರಡನೇ ದಿನ ಒಬ್ಬ ಅಜ್ಜಿ "ಬೇಡ" ಅಂದ್ರು, ಅಷ್ಟೆ. ಯಾರೂ ಯಾಕೆ ಅಂತ ಕೇಳ್ಲಿಲ್ಲ. ನಾನು ಪರದೆಯ ಈಚೆ ನಿಂತೆ. ಮೊದಲು ಅವಮಾನ ಆಯ್ತು. ಆಮೇಲೆ ನಾವು ಇಪ್ಪತ್ತೈದು ಜನ ಒಂದೇ ಮಂಚ ಮುತ್ತಿಕೊಂಡು ಒಬ್ಬರ ಹೊಟ್ಟೆನ ಸರದಿಲಿ ಒತ್ತಿದ್ದು ನೆನಪಾಯ್ತು. ಅವರನ್ನ ಯಾರಾದ್ರೂ ಕೇಳಿದ್ವಾ?

ಭಾಷೆ ಬಾರದ ರೋಗಿ ಬಂದ್ರೆ ಫೋನಲ್ಲೇ ದುಭಾಷಿ ಸಿಗ್ತಾರೆ. ಜೊತೆಲಿ ಬಂದ ಮಗನ ಕೈಲಿ ಅಮ್ಮನ ಮುಟ್ಟಿನ ವಿಷಯ ಕೇಳ್ಸಲ್ಲ. ನಮ್ಮ ಒಂದೇ ಓಪಿಡಿಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ, ಈಗ ತೋಟದ ಕಾರ್ಮಿಕರ ಲೈನ್ ಮನೆಗೆ ಬಂದಿರೋ ಅಸ್ಸಾಂ ಕಡೆಯವರ ಮಾತು ಬೇರೆ. ದುಭಾಷಿ ಅಂದ್ರೆ ಆ ಹೊತ್ತಿಗೆ ಬಾಗಿಲ ಹತ್ರ ಯಾರು ನಿಂತಿರ್ತಾರೋ ಅವರು. ವಾರ್ಡಲ್ಲಿ ಫೋನ್ ತೆಗೆದು ಎಕ್ಸ್‌ರೇ ಫೋಟೋ ಹೊಡೆಯೋ ಮಾತೇ ಇಲ್ಲ. ನಮ್ಮ ಬ್ಯಾಚ್ ವಾಟ್ಸಾಪ್ ಗ್ರೂಪ್ ಅವರಿಗೆ ತೋರಿಸಿದ್ರೆ ಅಲ್ಲೇ ಕಾರ್ಡ್ ವಾಪಸ್ ಇಸ್ಕೊಂಡು ಮನೆಗೆ ಕಳಿಸ್ತಿದ್ರು.

ಸಿಕಲ್ ಸೆಲ್‌ದು ಇನ್ನೂ ಬೇರೆ. ಮಗು ಹುಟ್ಟಿದ ಐದನೇ ದಿನಕ್ಕೆ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ಕಾರ್ಡ್ ಮೇಲೆ ತಗೋತಾರೆ, ಕಾಯಿಲೆ ಇದ್ರೆ ಅವಾಗ್ಲೇ ಗೊತ್ತಾಗುತ್ತೆ. ದೊಡ್ಡವರ ಕೆಟ್ಟ ರಕ್ತಕಣ ತೆಗೆದು ಒಳ್ಳೇದು ತುಂಬಿಸೋ ಮೆಷಿನ್ ಇದೆ. ಅದರ ಮುಂದೆ ಅರ್ಧ ದಿನ ಬಾಯಿ ಬಿಟ್ಕೊಂಡು ಕೂತಿದ್ದೆ. ಆದ್ರೆ ಮೆಷಿನ್ ಅಲ್ಲ, ಗೋಡೆ ಮೇಲೆ ಅಂಟಿಸಿದ್ದ ಒಂದು ಹಾಳೆ ನನ್ನ ಜೊತೆ ಊರಿಗೆ ಬಂತು. ಸಿಕಲ್ ಸೆಲ್ ನೋವು ಅಂತ ಬಂದವರಿಗೆ ಬಂದ 30 ನಿಮಿಷದೊಳಗೆ ನೋವಿನ ಔಷಧಿ ಸಿಗ್ಬೇಕು. 2012ರಲ್ಲಿ ನೈಸ್ ಅನ್ನೋ, ಚಿಕಿತ್ಸೆ ಹೇಗಿರ್ಬೇಕು ಅಂತ ಹೇಳೋ ಅಲ್ಲಿನ ಸಂಸ್ಥೆ ಕೊಟ್ಟ ಮಾರ್ಗಸೂಚಿ. ಅದಕ್ಕೆ ಮೆಷಿನ್ ಬೇಡ, ಲಂಡನ್ನೂ ಬೇಡ. ಗಡಿಯಾರ ಒಂದಿದ್ರೆ ಸಾಕು.

ಲಂಡನ್ ಮಳೆ ಹೇಗಿತ್ತು ಅಂತ ತುಂಬಾ ಜನ ಕೇಳ್ತೀರಿ. ವರ್ಷಕ್ಕೆ ಹತ್ತಿರತ್ತಿರ 600 ಮಿಲಿಮೀಟರ್ ಅಂತೆ. ನಮ್ಮಲ್ಲಿ ಅದು ಒಂದು ಜುಲೈಗೇ ಸಾಲಲ್ಲ.

(ದೃಶ್ಯ: ಆಸ್ಪತ್ರೆ ಹೊರಗೆ, ರಾತ್ರಿ. ಕೊಡೆ, ದೀಪ. ಒಳಗಿನ ದೃಶ್ಯ ಇಲ್ಲ.)

ಈಗ ನಾನು ಇಲ್ಲೇ ಹೌಸ್ ಸರ್ಜನ್. ಯಾರು, ಯಾವ ಊರು, ಯಾವತ್ತು ಅಂತ ಹೇಳಲ್ಲ. ಒಂದು ರಾತ್ರಿ ಹಾಡಿಯಿಂದ ಒಬ್ಬ ಹುಡುಗ ಬಂದ. ಸೊಂಟ ಹಿಡ್ಕೊಂಡು ಬಾಗಿದ್ದ, ಅವನಮ್ಮ ಪ್ಲಾಸ್ಟಿಕ್ ಕವರಿಂದ ತಪಾಸಣೆ ಚೀಟಿ ತೆಗೆದು ಕೊಟ್ರು. ಚೀಟಿ ನೋಡಿದೆ, ಗೋಡೆ ನೋಡಿದೆ. ಎಂಟು ಹತ್ತು. ಡ್ಯೂಟಿ ಸರ್‌ನ ಪಕ್ಕದ ವಾರ್ಡಿಂದ ಓಡಿಹೋಗಿ ಕರೆದೆ. ಇಂಜೆಕ್ಷನ್ ಬರೆದ್ರು, ಫಾರ್ಮಸಿಗೆ ನಾನೇ ಹೋದೆ. ಮತ್ತೆ ಗೋಡೆ ನೋಡಿದೆ. ಸೂಜಿ ಒಳಗೆ ಹೋದಾಗ ಎಂಟು ಮೂವತ್ತೊಂದು.

ಸಿಸ್ಟರ್ ಟ್ರೇ ಒರೆಸ್ತಾ ಅಂದ್ರು, "ಯಾಕ್ ಡಾಕ್ಟ್ರೇ ಅಷ್ಟು ಸಲ ಗಡಿಯಾರ ನೋಡ್ತೀರಾ? ನಿಮ್ಮ ಡ್ಯೂಟಿ ಬೆಳಗ್ಗೆ ತನಕ ಇದೆ."