ಕಥೆಯ ರೋಗಿಗೆ ಬಾಯಿ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ.

ಬಾನುಲಿಯವರು ಇವತ್ತು ನನಗೆ ಕೊಟ್ಟಿರುವ ವಿಷಯ ಸ್ವಲ್ಪ ವಿಚಿತ್ರ. ವಿಜ್ಞಾನ ಕಥೆಗಳಲ್ಲಿ ಬರುವ ರೋಗಿ. ಅದರಲ್ಲೂ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸಿಕ್ಕ ರೋಗಿ. ನಾನೇನೂ ಕಥೆಗಾರನಲ್ಲ. ಬೆಳಗಾವಿಯಲ್ಲಿ ಮೆಡಿಕಲ್ ಹುಡುಗರಿಗೆ ಔಷಧಗಳ ಪಾಠ ಹೇಳಿಕೊಂಡು ಬಂದ ಮಾಸ್ತರ. ಔಷಧ ಪ್ರಯೋಗದ ಅರ್ಜಿ ಬಂದಾಗ ಮಾಡಬಹುದೋ ಬೇಡವೋ ಅಂತ ನೋಡುವ ನೀತಿ ಸಮಿತಿಯಲ್ಲೂ ಕೂತಿದ್ದೇನೆ. ‘ಹಾಗಾದ್ರೆ ನೀವೇ ಸರಿ’ ಅಂದರು. ಜೊತೆಗೆ ನಮ್ಮ ಭಾಗದ ಕಾಲೇಜು ಹುಡುಗ ಹುಡುಗಿಯರು ಬರೆದ ಒಂದು ಕಟ್ಟು ಕಥೆಗಳನ್ನೂ ಕೈಗಿಟ್ಟರು.

ಕಥೆಗಳೇನೋ ಚೆನ್ನಾಗಿವೆ. ಕಲ್ಪನೆಗೆ ಬರ ಇಲ್ಲ. ಒಬ್ಬಳು ಗೋಲಗುಮ್ಮಟದ ಅಡಿಯಲ್ಲಿ ಗುಟ್ಟಾಗಿ ಆಸ್ಪತ್ರೆ ಕಟ್ಟಿಸಿದ್ದಾಳೆ. ಇನ್ನೊಬ್ಬ ಆಲಮಟ್ಟಿ ಹಿನ್ನೀರಿನ ಮೇಲೆ ತೇಲುವ ಪ್ರಯೋಗಾಲಯ ಇಟ್ಟಿದ್ದಾನೆ. ವಿಜ್ಞಾನಿಗೆ ಹೆಸರಿದೆ, ಗಡ್ಡ ಇದೆ, ಹಳೇ ಪ್ರೇಮವೂ ಇದೆ. ರೋಗಿಗೆ ಮಾತ್ರ ಬರೀ ಬೆಡ್ ನಂಬರ್. ಮೈತುಂಬ ವೈರು, ಕಣ್ಣು ಮುಚ್ಚಿದೆ. ವಿಜ್ಞಾನಿ ಬಂದು ನೀಲಿ ಔಷಧ ಚುಚ್ಚುತ್ತಾನೆ. ಮುಂದಿನ ಪುಟದಲ್ಲಿ ರೋಗಿಗೆ ಗೋಡೆಯಾಚೆಗಿನದು ಕಾಣುತ್ತದೆ, ಇಲ್ಲವೇ ಅವನು ರಾಕ್ಷಸನಾಗುತ್ತಾನೆ. ‘ಏನ್ರೀ ಇದು, ಯಾತಕ್ಕ ಚುಚ್ಚಾಕತ್ತೀರಿ?’ ಅಂತ ಒಂದು ಮಾತು? ಇಲ್ಲ. ಒಂದೇ ಒಂದು ಕಥೆಯಲ್ಲೂ ಇಲ್ಲ.

ಇವತ್ತು ನಾನು ಹೇಳಬೇಕಾದ್ದು ಇದೊಂದೇ. ರೋಗಿ ಕೇಳಬೇಕು. ಕಥೆಯಲ್ಲೂ ಕೇಳಬೇಕು, ವಾರ್ಡಿನಲ್ಲೂ ಕೇಳಬೇಕು.

ಕಥೆ ಬರೆದವರಲ್ಲಿ ಬಾಗಲಕೋಟೆಯ ಹುಡುಗನೊಬ್ಬ ಫೋನಿನಲ್ಲಿ ಸಿಕ್ಕಿದ್ದ. ಇದನ್ನೇ ಹೇಳಿದೆ. ‘ಸರ, ರೋಗಿ ಪ್ರಶ್ನೆ ಕೇಳಾಕ ನಿಂತ್ರ ಕಥಿ ಮುಂದ ಹೋಗೂದಿಲ್ರೀ’ ಅಂದ. ಹಾಗೇನಪ್ಪ? ಸರಿ. ಹಾಗಾದರೆ ಕೇಳುವ ರೋಗಿಯ ಕಥೆ ಒಂದು ಹೇಳುತ್ತೇನೆ. ಇದು ನಿಜವಾಗಿ ನಡೆದದ್ದು.

1982ನೇ ಇಸವಿ. ಅಮೆರಿಕದ ಯೂಟಾ ರಾಜ್ಯ. ಬಾರ್ನಿ ಕ್ಲಾರ್ಕ್ ಅಂತ ಒಬ್ಬ ನಿವೃತ್ತ ದಂತವೈದ್ಯರು. ವಯಸ್ಸು 61. ಹೃದಯದ ಸ್ನಾಯು ಪೂರ್ತಿ ಸೋತು ಹೋಗಿತ್ತು. ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಬೇರೆಯವರ ಹೃದಯ ಕಸಿ ಮಾಡೋಣ ಅಂದರೆ ಆಗಿನ ಲೆಕ್ಕದಲ್ಲಿ ಅವರ ವಯಸ್ಸು ಮೀರಿತ್ತು. ಅದೇ ಹೊತ್ತಿಗೆ ಯೂಟಾ ವಿಶ್ವವಿದ್ಯಾಲಯದಲ್ಲಿ ಪ್ಲಾಸ್ಟಿಕ್ಕು ಮತ್ತು ಅಲ್ಯೂಮಿನಿಯಂನ ಒಂದು ಹೃದಯ ತಯಾರಾಗಿತ್ತು. ಜಾರ್ವಿಕ್ 7 ಅಂತ ಹೆಸರು. ಅದನ್ನು ಕಾಯಂ ಆಗಿ ಇರಲಿ ಅಂತ ಯಾವ ಮನುಷ್ಯನ ಎದೆಯಲ್ಲೂ ಅಲ್ಲಿಯವರೆಗೆ ಇಟ್ಟಿರಲಿಲ್ಲ.

ಈಗ ನಮ್ಮ ಹುಡುಗರ ಕಥೆಯಾಗಿದ್ದರೆ? ಮುಂದಿನ ಸಾಲಿನಲ್ಲೇ ಆಪರೇಷನ್ ಥಿಯೇಟರ್!

ಕ್ಲಾರ್ಕ್ ಏನು ಮಾಡಿದರು ಕೇಳಿ. ಆ ಯಂತ್ರದ ಮೇಲೆ ಬದುಕಿದ್ದ ಕರುಗಳನ್ನು, ಕುರಿಗಳನ್ನು ಮೊದಲು ಹೋಗಿ ಕಣ್ಣಾರೆ ನೋಡಿದರು. ಯೋಚಿಸಿ ನೋಡಿ. ನಾಳೆ ನನ್ನ ಎದೆಯಲ್ಲಿ ಕೂರುವ ಯಂತ್ರ ಇವತ್ತು ಒಂದು ಕರುವಿನ ಎದೆಯಲ್ಲಿ ಟಕ್ ಟಕ್ ಅನ್ನುತ್ತಿದೆ. ಆ ಕರು ನನ್ನನ್ನೇ ನೋಡುತ್ತಿದೆ. ಇದಕ್ಕಿಂತ ದೊಡ್ಡ ದೃಶ್ಯ ಯಾವ ಕಥೆಗಾರನಿಗೆ ಬೇಕು? ಅವರು ತಕ್ಷಣ ಹೂಂ ಅನ್ನಲಿಲ್ಲ. ಆಮೇಲೆ ಒಪ್ಪಿದರು. ಒಪ್ಪಿಗೆ ಪತ್ರ 11 ಪುಟ. ಏನೇನು ಕೆಡಬಹುದು ಅನ್ನುವುದೆಲ್ಲ ಅದರಲ್ಲಿತ್ತು. ಓದಿ ಸಹಿ ಮಾಡಿದರು.

ಅವರ ಹೆಂಡತಿಯೂ ಒಂದು ಪ್ರಶ್ನೆ ಕೇಳಿದರಂತೆ. ಹೃದಯವನ್ನೇ ತೆಗೆದುಬಿಟ್ಟರೆ ಇವರಿಗೆ ನನ್ನ ಮೇಲಿನ ಪ್ರೀತಿ ಉಳಿಯುತ್ತದಾ? ನಗಬೇಡಿ. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ಡಾಕ್ಟರಿಗೆ ಹೃದಯ ಅಂದರೆ ಪಂಪು. ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಅದು ಪಂಪು ಅಲ್ಲ. ಅವರು ಬಾಯಿಬಿಟ್ಟು ಕೇಳಿದ್ದಕ್ಕೇ ಅದು ನಮಗೆ ಗೊತ್ತಾಗಿದೆ.

ಆಪರೇಷನ್ ಡಿಸೆಂಬರ್ 2ರ ಬೆಳಿಗ್ಗೆ ಅಂತ ಗೊತ್ತಾಗಿತ್ತು. ಕ್ಲಾರ್ಕ್ ಅವರ ಸ್ಥಿತಿ ಬಿಗಡಾಯಿಸಿತು. ಬೆಳಗಿನವರೆಗೆ ಕಾಯದೆ ಹಿಂದಿನ ರಾತ್ರಿಯೇ ಶುರು ಮಾಡಿದರು. ವಿಲಿಯಂ ಡಿವ್ರೀಸ್ ಅನ್ನುವ ಸರ್ಜನ್ ಅವರ ಸೋತ ಹೃದಯದ ಕೆಳಭಾಗ ತೆಗೆದು ಅಲ್ಲಿ ಯಂತ್ರ ಕೂರಿಸಿದರು. ಎದ್ದಾಗ ಅವರ ಹೊಟ್ಟೆಯಿಂದ ಎರಡು ಕೊಳವೆ ಹೊರಗೆ ಬಂದಿದ್ದವು. ಆ ಕೊಳವೆಗಳ ಇನ್ನೊಂದು ತುದಿಯಲ್ಲಿ ಸುಮಾರು 170 ಕಿಲೋ ತೂಕದ, ಗಾಳಿ ಒತ್ತುವ ಯಂತ್ರ. ಹಾಸಿಗೆಯಿಂದ ಕುರ್ಚಿಗೆ ಹೋದರೆ ಅದೂ ಜೊತೆಗೆ. ಕರೆಂಟು ಕಟ್ಟಾದರೆ ಏನು ಗತಿ ಅಂತ ನಮ್ಮ ಕಡೆಯವರಿಗೆ ಮೊದಲು ಹೊಳೆಯುವ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಅದನ್ನೂ ಕೇಳಬೇಕು.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಆ ಯಂತ್ರವನ್ನು ನಿಲ್ಲಿಸುವ ಒಂದು ಕೀಲಿಯನ್ನು ಕ್ಲಾರ್ಕ್ ಅವರ ಕೈಗೇ ಕೊಟ್ಟಿದ್ದರು. ಡಾಕ್ಟರ ಕೈಗಲ್ಲ, ರೋಗಿಯ ಕೈಗೆ. ಸಾಕು ಅನ್ನಿಸಿದರೆ ತಿರುಗಿಸಬಹುದು. ಅದಕ್ಕೆ ಆಗ ಜನ ಬಹಳ ಗದ್ದಲ ಮಾಡಿದರು. ಇದು ಆತ್ಮಹತ್ಯೆಗೆ ದಾರಿ ತೋರಿಸಿದ ಹಾಗಲ್ವಾ ಅಂದರು. ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ ಮನುಷ್ಯ, ತಲೆದಿಂಬಿನ ಪಕ್ಕ ಒಂದು ಕೀಲಿ. ನಾನು ಕಥೆಗಾರನಾಗಿದ್ದರೆ ಆ ಕೀಲಿಯ ಮೇಲೆ ಇಪ್ಪತ್ತು ಪುಟ ಬರೆಯುತ್ತಿದ್ದೆ. ನೀಲಿ ಔಷಧ ನೀವೇ ಇಟ್ಟುಕೊಳ್ಳಿ.

ಅವರು ಕೀಲಿ ತಿರುಗಿಸಲಿಲ್ಲ. ಕಷ್ಟ ಮಾತ್ರ ಬೇಕಾದಷ್ಟು ಬಂತು. ಫಿಟ್ಸ್ ಬಂತು. ಯಂತ್ರದ ಒಂದು ಕವಾಟ ಮುರಿದು ಮತ್ತೆ ಆಪರೇಷನ್ ಆಯಿತು. ಮೂಗಿನಿಂದ ರಕ್ತ ಸುರಿಯಿತು. ಮನೆಗೆ ಹೋಗಲು ಆಗಲೇ ಇಲ್ಲ. ಡಿವ್ರೀಸ್ ಅವರು ವಿಡಿಯೋದ ಮುಂದೆ ‘ಇಷ್ಟೆಲ್ಲ ಪಟ್ಟದ್ದಕ್ಕೆ ಬೆಲೆ ಬಂತಾ?’ ಅಂತ ಕೇಳಿದಾಗ, ಉಳಿದ ದಾರಿ ಸಾವು ಒಂದೇ ಆಗಿದ್ದರೆ ಇದು ಸರಿ ಅನ್ನುವ ಅರ್ಥದ ಉತ್ತರ ಕೊಟ್ಟರು. 112 ದಿನ ಬದುಕಿದರು. 1983ರ ಮಾರ್ಚ್ 23ರಂದು ತೀರಿಕೊಂಡರು. ಅವರ ಒಂದೊಂದೇ ಅಂಗ ಕೈಕೊಟ್ಟಿತ್ತು. ಪ್ಲಾಸ್ಟಿಕ್ ಹೃದಯ ಮಾತ್ರ ಬಡಿಯುತ್ತಲೇ ಇತ್ತು. ಅದನ್ನು ಡಾಕ್ಟರೇ ನಿಲ್ಲಿಸಬೇಕಾಯಿತು.

ಈಗ ಹೇಳಪ್ಪ ತಮ್ಮಾ, ರೋಗಿ ಪ್ರಶ್ನೆ ಕೇಳಿದರೆ ಕಥೆ ನಿಲ್ಲುತ್ತದಾ?

ಈ ಕಥೆಗೇ ಬಹಳ ಹೊತ್ತು ಹೋಯಿತು. ಕೊಟ್ಟ ಸಮಯದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಬೇಗ ಬೇಗ ಹೇಳುತ್ತೇನೆ.

ಕೇಳದೇ ಮಾಡಿದ ಪ್ರಯೋಗಗಳೂ ಬೇಕಾದಷ್ಟಿವೆ. ನಮ್ಮೂರಿನವರೆಲ್ಲ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಮಾಡುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಲಸಿಕೆಯ ಮೂಲಕ್ಕೆ ಹೋದರೆ ಸಿಗುವುದು ಒಬ್ಬ ಎಂಟು ವರ್ಷದ ಹುಡುಗ, ಜೇಮ್ಸ್ ಫಿಪ್ಸ್. 1796ರಲ್ಲಿ ಎಡ್ವರ್ಡ್ ಜೆನ್ನರ್ ಅವನ ತೋಳಿಗೆ ಹಸುವಿನ ಸಿಡುಬಿನ ಕೀವು ಹಚ್ಚಿದ. ಆಮೇಲೆ ನಿಜವಾದ ಸಿಡುಬನ್ನೇ ಹಚ್ಚಿ ನೋಡಿದ! ನಮ್ಮ ದೇಶದಲ್ಲಿ ಮೊದಲು ಲಸಿಕೆ ಹಾಕಿಸಿಕೊಂಡವಳು 1802ರಲ್ಲಿ ಮುಂಬಯಿಯ ಅನ್ನಾ ಡಸ್ಟ್‌ಹಾಲ್. ಮೂರು ವರ್ಷದ ಕೂಸು. ಇಬ್ಬರಿಗೂ ಏನೂ ಆಗಲಿಲ್ಲ, ಸಿಡುಬು ಭೂಮಿಯಿಂದಲೇ ಹೋಯಿತು, ಸರಿ. ಆದರೆ ಅದೇ ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಬಡ ಕಪ್ಪು ಜನರಿಗೆ ರೋಗದ ಹೆಸರನ್ನೂ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಸುಮ್ಮನೆ ನೋಡುತ್ತಾ ಕೂತರು. ನಲವತ್ತು ವರ್ಷ. ಯಾವ ರಾಕ್ಷಸನ ಕಥೆ ಇದರ ಮುಂದೆ ನಿಲ್ಲುತ್ತದೆ?

ಹುಡುಗರಿಗೆ ಇನ್ನೊಂದು ಮಾತು. ನಿಮ್ಮ ಔಷಧಗಳೆಲ್ಲ ಮೊದಲ ಡೋಸಿಗೇ ಕೆಲಸ ಮಾಡುತ್ತವೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದಾಗ ಸೂಜಿ ಚುಚ್ಚಿದ ಜಾಗದಲ್ಲಿ ಬಾವು ಬಂತು, ಹೇಳಿಕೊಳ್ಳುವ ಫಲ ಸಿಗಲಿಲ್ಲ. 12 ದಿನ ಬಿಟ್ಟು, ಇನ್ನಷ್ಟು ಶುದ್ಧ ಮಾಡಿದ ಔಷಧ ಕೊಟ್ಟಾಗಲೇ ಸಕ್ಕರೆ ಇಳಿದದ್ದು. ಆ 12 ದಿನಗಳ ಬಗ್ಗೆ ಬರೀರಿ.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಬುತ್ತಿಗಂಟು ಹಿಡಿದು ಕೂತು ಇದನ್ನು ಕೇಳುತ್ತಿರುವವರಿಗೆ. ನಮ್ಮ ಜನ ಒಂದು ಮಾತು ಹೇಳುತ್ತಾರೆ. ‘ನೀವು ಹೆಂಗಂತೀರಿ ಹಂಗರೀ ಸಾಹೇಬ್ರ.’ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗೌರವದಿಂದ ಹೇಳುತ್ತಾರೆ, ಗೊತ್ತು. ಆದರೂ ಸಿಟ್ಟು ಬರುತ್ತದೆ. ಹೊಸ ಔಷಧದ ಪ್ರಯೋಗ ಅಂದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಡಾಕ್ಟರಿಗೂ ಇನ್ನೂ ಗೊತ್ತಿಲ್ಲ ಅಂತಲೇ ಅರ್ಥ. ಎಷ್ಟೋ ಸಲ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಹಳೆಯದು ಕೊಡುತ್ತಾರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಕೇಳಿ ಅನ್ನುವುದು.

ನಮ್ಮ ಸಮಿತಿಯಲ್ಲಿ ಡಾಕ್ಟರಲ್ಲದ ಸದಸ್ಯರೊಬ್ಬರಿದ್ದರು. ಕನ್ನಡ ಶಾಲೆಯ ನಿವೃತ್ತ ಅಕ್ಕೋರು. ಎರಡು ವಾರಕ್ಕೊಮ್ಮೆ ರಕ್ತ ಕೊಡಲು ಬರಬೇಕು ಅನ್ನುವ ಪ್ರಯೋಗ ಒಂದು ಬಂದಿತ್ತು. ನಾವೆಲ್ಲ ಡೋಸಿನ ಲೆಕ್ಕ ಹಾಕುತ್ತಿದ್ದರೆ ಅವರು ಕೇಳಿದರು: ‘ಗೋಕಾಕದಿಂದ ಬರೂ ಕೂಲಿ ಮನಷ್ಯಾಗ ಒಂದ ದಿನದ ಪಗಾರ ಹೋಗತದಲ್ರೀ, ಬಸ್ಸಿನ ರೊಕ್ಕ ಯಾರ ಕೊಡ್ತೀರಿ?’ ಕೊನೆಗೆ ಅದನ್ನು ಕಾಗದದಲ್ಲಿ ಬರೆಸಿಯೇ ಬಿಟ್ಟರು. ಇಂಥವರು ಸಮಿತಿಯಲ್ಲಿ ಇರಲೇಬೇಕು ಅಂತ ನಿಯಮವೇ ಇದೆ.

ಔಷಧ ಪ್ರಯೋಗಗಳಿಗೆಂದೇ ನಮ್ಮ ದೇಶದಲ್ಲಿ ಮಾಡಿದ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದಿದ್ದರೆ, ಡಾಕ್ಟರ ಕಡೆಯವರಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ನಡುವೆ ಯಾವಾಗ ಬೇಕಾದರೂ ‘ಸಾಕು’ ಅಂತ ಹೊರಗೆ ಬರಬಹುದು, ಕಾರಣ ಹೇಳಬೇಕಾಗಿಲ್ಲ. ಹಾಗೆ ಬಂದಿರೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಆ ಪತ್ರದ ಒಂದು ಪ್ರತಿ ನಿಮ್ಮದು. ಕೊಡದಿದ್ದರೆ ಕೇಳಿ ಇಸಕೊಳ್ಳಿ. ಅದರಲ್ಲಿ ನೀತಿ ಸಮಿತಿಯ ಫೋನ್ ನಂಬರ್ ಇರುತ್ತದೆ. ಮನೆಯಲ್ಲಿ ರೇಷನ್ ಕಾರ್ಡು ಎಲ್ಲಿಡುತ್ತೀರೋ ಅಲ್ಲೇ ಅದನ್ನೂ ಇಡಿ. ಅನುಮಾನ ಬಂದರೆ ಫೋನ್ ಮಾಡಿ, ಎತ್ತುವವರೂ ನಿಮ್ಮ ಹಾಗೆ ಕನ್ನಡ ಮಾತಾಡುವವರೇ.

ನಮಸ್ಕಾರ.