ಕ್ಯಾಮೆರಾ ಕೆಟ್ಟಿಲ್ಲ, ವೈಫೈ ಹೆಸರು ಬದಲಾಗಿದೆ

ಕೇಳುಗರಿಗೆ ನಮಸ್ಕಾರ. ಮುಂಬೈಯ ಮಾಟುಂಗಾದಲ್ಲಿ ಅಡುಗೆ ಮಾಡುತ್ತಾ ಕೇಳುತ್ತಿರುವ ತಾಯಂದಿರಿಗೆ, ಲೋಕಲ್ ಇಳಿದು ಈಗಷ್ಟೇ ಮುಲುಂಡ್, ಡೊಂಬಿವಲಿಯ ಮನೆ ಸೇರಿದವರಿಗೆ, ಎಲ್ಲರಿಗೂ.

ಮನೆಗಳಿಗೆ ಕ್ಯಾಮೆರಾ ಹಾಕುವುದು ನನ್ನ ಕೆಲಸ. ವಾರಕ್ಕೆ ಮೂರು ನಾಲ್ಕು ಫೋನ್ ಒಂದೇ ಮಾತಿಗೆ ಬರುತ್ತವೆ. "ಅಣ್ಣಾ, ಇಂಟರ್ನೆಟ್ ಕಂಪನಿ ಬದಲಾಯಿಸಿದೆವು, ಕ್ಯಾಮೆರಾ ಕೆಟ್ಟುಹೋಯಿತು." ಕೆಟ್ಟಿಲ್ಲ. ದಯವಿಟ್ಟು ಇದೊಂದು ಮಾತು ನೆನಪಿಡಿ. ಕ್ಯಾಮೆರಾ ಕೆಟ್ಟಿಲ್ಲ.

ಕ್ಯಾಮೆರಾ ಹಾಕಿದ ದಿನ ಅದಕ್ಕೆ ಎರಡು ವಿಷಯ ಹೇಳಿಕೊಟ್ಟಿರುತ್ತೇವೆ. ನಿಮ್ಮ ವೈಫೈ ಹೆಸರು, ಅದರ ಪಾಸ್‌ವರ್ಡ್. ಕರೆಂಟ್ ಹೋಗಿ ಬಂದರೂ ಅದು ಆ ಹೆಸರನ್ನೇ ಹುಡುಕುತ್ತದೆ. ಹೊಸ ಕಂಪನಿಯವರು ಹೊಸ ರೌಟರ್ ಇಟ್ಟು, ಹೊಸ ಹೆಸರು ಕೊಟ್ಟು ಹೋಗುತ್ತಾರೆ. ಫೋನಿಗೆ, ಟೀವಿಗೆ ನೀವು ಹೊಸ ಪಾಸ್‌ವರ್ಡ್ ಹಾಕುತ್ತೀರಿ. ಗೋಡೆ ಮೇಲಿನ ಕ್ಯಾಮೆರಾಗೆ ಯಾರೂ ಹೇಳುವುದಿಲ್ಲ. ಪಾಪ, ಅದು ಹಳೆ ಹೆಸರನ್ನೇ ಹುಡುಕುತ್ತಾ ಕೂತಿರುತ್ತದೆ.

ಮದ್ದು ಏನು? ಹೊಸ ರೌಟರ್‌ಗೆ ಹಳೆ ಹೆಸರು, ಹಳೆ ಪಾಸ್‌ವರ್ಡ್ ಇಡಿ. ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಕ್ಯಾಮೆರಾ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಡೊಂಬಿವಲಿಯ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಮಗಳು ಹುಬ್ಬಳ್ಳಿಯಲ್ಲಿ. ದಿನಾ ಬೆಳಿಗ್ಗೆ ಮಗಳು ಫೋನ್ ತೆರೆದು, ಅಮ್ಮ ದೇವರಿಗೆ ದೀಪ ಹಚ್ಚುವುದನ್ನು ನೋಡಿಯೇ ಕೆಲಸಕ್ಕೆ ಹೊರಡುವುದು. ಒಂದು ಶನಿವಾರ ಕಂಪನಿ ಬದಲಾಯಿತು. ಭಾನುವಾರ ಬೆಳಿಗ್ಗೆ ಮೂರು ಕ್ಯಾಮೆರಾವೂ ಆಫ್‌ಲೈನ್. ಮಗಳಿಗೆ ಜೀವ ಹಾರಿಹೋಯಿತು. ಫೋನ್ ಮಾಡಿದರೆ ಅಮ್ಮ ಚೆನ್ನಾಗಿಯೇ ಇದ್ದಾರೆ, ಆದರೂ ಸಮಾಧಾನವಿಲ್ಲ. ಒಬ್ಬ ರಿಪೇರಿಯವರು ಬಂದು ಒಂದು ಕ್ಯಾಮೆರಾಗೆ ಪಿನ್ ಚುಚ್ಚಿ ರಿಸೆಟ್ ಮಾಡಿದರು. ಆಮೇಲೆ "ಇವು ಹಳೇವು, ಮೂರೂ ಹೊಸದು ತಗೊಳ್ಳಿ" ಅಂದರಂತೆ. ಇದನ್ನು ಕೇಳಿ ನನಗೆ ನಿಜವಾಗಿ ಸಿಟ್ಟು ಬಂತು. ಚೆನ್ನಾಗಿರುವ ವಸ್ತುವನ್ನು ಕಸಕ್ಕೆ ಹಾಕಿಸುವುದು ತಪ್ಪು.

ನಾನು ಹೋಗಿ ಕೇಳಿದೆ, "ಅಮ್ಮಾ, ಹಳೆ ಪಾಸ್‌ವರ್ಡ್ ಏನಿತ್ತು?" ಅವರಿಗೆ ಗೊತ್ತಿಲ್ಲ. ಹಳೆ ರೌಟರ್ ಕಂಪನಿಯವರು ವಾಪಸ್ ಒಯ್ದಿದ್ದಾರೆ. ಸ್ವಲ್ಪ ಹೊತ್ತು ಯೋಚಿಸಿ, ಅಮ್ಮ ದೇವರ ಮುಂದೆ ಹೋಗಿ ರಾಯರ ಪಟ ಇಳಿಸಿದರು. ಅದರ ಹಿಂದೆ ಒಂದು ಚೀಟಿ. ಯಜಮಾನರ ಅಕ್ಷರ. ಅಮ್ಮನ ಹೆಸರು, ಪಕ್ಕದಲ್ಲಿ 1974. ಅವರ ಮದುವೆಯ ವರ್ಷ. ಅಮ್ಮ ಆ ಚೀಟಿಯನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದರು. ನಾನೂ ಅವಸರ ಮಾಡಲಿಲ್ಲ.

ರೌಟರ್‌ಗೆ ಅದನ್ನೇ ಹಾಕಿದೆ. ಆಗಲಿಲ್ಲ. ಚೀಟಿ ಮತ್ತೆ ನೋಡಿದೆ. ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರ, ನಾನು ಚಿಕ್ಕದು ಹಾಕಿದ್ದೆ. ತಿದ್ದಿದೆ. ಎರಡು ನಿಮಿಷದೊಳಗೆ ಎರಡು ಕ್ಯಾಮೆರಾ ಬಂದವು. ಪಿನ್ ಚುಚ್ಚಿಸಿಕೊಂಡದ್ದು ಮಾತ್ರ ಎಲ್ಲ ಮರೆತಿತ್ತು, ಅದನ್ನು ಆಪ್‌ನಲ್ಲಿ ಹೊಸದಾಗಿ ಸೇರಿಸಬೇಕಾಯಿತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನ್. "ಅಮ್ಮಾ, ಕಾಣ್ತಿದ್ದೀಯ. ದೀಪದ ಬತ್ತಿ ಸ್ವಲ್ಪ ಮುಂದೆ ತಳ್ಳು."

ಸಮಯ ಕಡಿಮೆ ಉಳಿದಿದೆ, ಮಿಕ್ಕದ್ದು ಬೇಗ ಹೇಳುತ್ತೇನೆ. ಹಳೆ ಹೆಸರು ಕೊಟ್ಟರೂ ಬರಲಿಲ್ಲ ಅಂದರೆ 2.4 ಗಿಗಾಹರ್ಟ್ಸ್ ನೋಡಿ. ರೌಟರ್ ವೈಫೈ ಕಳಿಸುವ ಒಂದು ಬಗೆಯ ತರಂಗ ಅದು, ಇನ್ನೊಂದು 5 ಗಿಗಾಹರ್ಟ್ಸ್. ಮನೆಯ ಹೆಚ್ಚಿನ ವೈಫೈ ಕ್ಯಾಮೆರಾಗಳಿಗೆ ಅದೊಂದೇ ಗೊತ್ತು, 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಎಷ್ಟೋ ಹೊಸ ರೌಟರ್‌ಗಳು ಎರಡನ್ನೂ ಒಂದೇ ಹೆಸರಿನಲ್ಲಿ ಬೆರೆಸಿರುತ್ತವೆ. ಬೇರೆ ಮಾಡಿಸಿ, 2.4ಕ್ಕೆ ಹಳೆ ಹೆಸರು ಇಡಿಸಿ. ರೌಟರ್ ಸೆಟ್ಟಿಂಗ್‌ನಲ್ಲಿ ಸೆಕ್ಯುರಿಟಿ, ಅಂದರೆ ವೈಫೈ ಬೀಗದ ಬಗೆ, ಅನ್ನುವಲ್ಲಿ ಡಬ್ಲ್ಯೂಪಿಎ3 ಇದ್ದರೆ ಡಬ್ಲ್ಯೂಪಿಎ2 ಮಾಡಿಸಿ, ಹಳೆ ಕ್ಯಾಮೆರಾಗಳಿಗೆ 3 ಅರ್ಥವಾಗದೆ ಇರಬಹುದು.

ಕೇಬಲ್ ಎಳೆದು ಡಿವಿಆರ್, ಅಂದರೆ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಹಾಕಿಸಿದವರದು ಬೇರೆ ಕಥೆ. ಅಲ್ಲಿ ಹೆಸರಲ್ಲ, ರೌಟರ್ ಕೊಡುವ ಅಂಕಿಗಳ ವಿಳಾಸ ಬದಲಾಗಿರುತ್ತದೆ. ಹಳೆ ರೌಟರ್ 192.168.1 ಅಂತ ಶುರುವಾಗುವ ವಿಳಾಸ ಕೊಡುತ್ತಿತ್ತು, ಹೊಸದು 192.168.0 ಅನ್ನಬಹುದು. ಡಿವಿಆರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಅನ್ನುವುದನ್ನು ಆನ್ ಮಾಡಿ, ರೌಟರ್‌ನಿಂದ ಹೊಸ ವಿಳಾಸವನ್ನು ಡಿವಿಆರ್ ತಾನೇ ತೆಗೆದುಕೊಳ್ಳುತ್ತದೆ. ಗಾಬರಿ ಬೇಡ, ಇಂಟರ್ನೆಟ್ ಇಲ್ಲದಿದ್ದರೂ ಡಿವಿಆರ್‌ನ ಹಾರ್ಡ್ ಡಿಸ್ಕ್‌ನಲ್ಲಿ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ.

ಮತ್ತೆ ರಿಸೆಟ್ ಬಟನ್. ಬೇರೆ ಯಾವುದೂ ಫಲಿಸದಿದ್ದರೆ ಮಾತ್ರ ಕೊನೆಗೆ ಮುಟ್ಟಿ, ಮೊದಲೇ ಮುಟ್ಟಬೇಡಿ.

ಹಳೆ ರೌಟರ್ ವಾಪಸ್ ಕೊಡುವ ಮೊದಲು ಹೆಸರು, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದಿಡಿ. ಹೊಸ ಲೈನ್ ಹಾಕಲು ಬಂದ ಹುಡುಗನ ಕೈಗೆ ಆ ಚೀಟಿ ಕೊಟ್ಟು, ಅವನು ಚಹಾ ಮುಗಿಸಿ ಏಳುವ ಮೊದಲೇ ಮರಾಠಿಯಲ್ಲಿ ಹೇಳಿಬಿಡಿ: "ಭಾವೂ, ಜುನಂಚ್ ನಾವ್ ಠೇವಾ, ಪಾಸ್‌ವರ್ಡ್ ಪಣ್ ಜುನಾಚ್." ಹಳೆ ಹೆಸರೇ ಇಡಿ, ಪಾಸ್‌ವರ್ಡೂ ಹಳೇದೇ. ಐದು ನಿಮಿಷದ ಕೆಲಸ, ಮಾಡಿಕೊಡುತ್ತಾರೆ. ನಮಸ್ಕಾರ.